ಪೊಲೀಸರು ಕರೆದೊಯ್ದರೆ ಮೊದಲು ಗಡಿಯಾರ ನೋಡಿ

ನಮ್ಮ ಬೀದಿಯ ಕೊನೇ ಮನೆಯ ಹುಡುಗನನ್ನು ಒಂದು ರಾತ್ರಿ ಪೊಲೀಸರು ಕರೆದೊಯ್ದರು. ಮಫ್ತಿಯಲ್ಲಿ ಇಬ್ಬರು, ಒಂದು ಬಿಳಿ ಕಾರು. 'ಸುಮ್ನೆ ವಿಚಾರಣೆ ಅಮ್ಮಾ, ಬೆಳಿಗ್ಗೆ ಕಳಿಸ್ತೀವಿ' ಅಂದರಂತೆ. ಮಾರನೇ ದಿನ ರಾತ್ರಿಯಾದರೂ ಹುಡುಗ ಬರಲಿಲ್ಲ. ಠಾಣೆಗೆ ಹೋದರೆ, 'ಸಂಜೆ ತಾನೇ ಕರ್ಕೊಂಡು ಬಂದಿದ್ದೀವಿ' ಎಂಬ ಉತ್ತರ. ಎಷ್ಟು ಗಂಟೆಗೆ ಕರೆದೊಯ್ದರು ಎಂದು ವಕೀಲರು ಕೇಳಿದಾಗ ಅವನ ತಾಯಿಗೆ ನೆನಪಿದ್ದದ್ದು ಇಷ್ಟೇ: 'ಸೀರಿಯಲ್ ಮುಗಿದಿತ್ತು, ಕುಕ್ಕರ್ ಎರಡು ವಿಸಿಲ್ ಹಾಕಿತ್ತು.'

ಎರಡು ವಿಸಿಲ್ ಅಂದರೆ ಎಷ್ಟು ಗಂಟೆ? ಈಗ ನಗು ಬರುತ್ತೆ. ಆದರೆ ಅವತ್ತು ಎಲ್ಲವೂ ನಿಂತಿದ್ದು ಅದರ ಮೇಲೆಯೇ. ಸಂವಿಧಾನದ 22ನೇ ವಿಧಿ ಸರ್ಕಾರಕ್ಕೆ ಗಂಟೆ ಲೆಕ್ಕದಲ್ಲಿ ಗಡುವು ಕೊಟ್ಟಿದೆ. ದಸ್ತಗಿರಿ ಮಾಡಿದವರನ್ನು 24 ಗಂಟೆಯೊಳಗೆ ಹತ್ತಿರದ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ಪ್ರಯಾಣಕ್ಕೆ ಬೇಕಾಗುವ ಹೊತ್ತು ಮಾತ್ರ ಈ ಲೆಕ್ಕಕ್ಕಿಲ್ಲ. ಭಾನುವಾರ, ಹಬ್ಬ ಅನ್ನುವ ನೆಪ ನಡೆಯುವುದಿಲ್ಲ. ಕೋರ್ಟಿಗೆ ರಜೆಯಿದ್ದರೆ ಮ್ಯಾಜಿಸ್ಟ್ರೇಟರ ಮನೆಗಾದರೂ ಕರೆದೊಯ್ಯಲೇಬೇಕು.

ಟೈಮ್ ಬರೆದಿಡಿ

ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದರೂ ಸಾಕು. ಬಂದದ್ದು ಎಷ್ಟು ಗಂಟೆಗೆ, ಎಷ್ಟು ಜನ, ಗಾಡಿ ನಂಬರ್ ಏನು, ಯಾವ ಠಾಣೆ ಅಂದರು. ಇದಕ್ಕಿಂತ ಒಳ್ಳೆಯದು, ಅದನ್ನೇ ನೆಂಟರೊಬ್ಬರಿಗೆ ವಾಟ್ಸ್‌ಆ್ಯಪ್ ಮಾಡುವುದು. ಟೈಮ್ ತಾನಾಗಿಯೇ ದಾಖಲಾಗುತ್ತದೆ. 24 ಗಂಟೆಯ ಎಣಿಕೆ ಪೊಲೀಸರು ಕಾಗದದಲ್ಲಿ ಬರೆದ ಹೊತ್ತಿನಿಂದಲ್ಲ, ಮನುಷ್ಯನನ್ನು ನಿಜವಾಗಿ ಹಿಡಿದಿಟ್ಟ ಹೊತ್ತಿನಿಂದ ಎಂದು ಬಾಂಬೆ ಹೈಕೋರ್ಟ್ ಸೇರಿದಂತೆ ಹೈಕೋರ್ಟ್‌ಗಳು ಹೇಳಿವೆ. ಆದರೆ ಹಿಡಿದಿಟ್ಟ ಹೊತ್ತು ಯಾವುದು ಅಂತ ನೀವು ತೋರಿಸಬೇಕಲ್ವಾ?

ಠಾಣೆಯ ಕ್ಯಾಮೆರಾವನ್ನೂ ಮರೆಯಬೇಡಿ. ಪ್ರತಿ ಠಾಣೆಯಲ್ಲೂ ಸಿಸಿಟಿವಿ ಇರಬೇಕು, ದೃಶ್ಯಗಳನ್ನು 18 ತಿಂಗಳು ಉಳಿಸಬೇಕು ಎಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಹೇಳಿದೆ. ಅನುಮಾನ ಬಂದರೆ ಆ ದಿನದ ದೃಶ್ಯ ಅಳಿಸಬಾರದು ಎಂದು ಬೇಗ ಒಂದು ಅರ್ಜಿ ಕೊಟ್ಟು, ನಕಲಿನ ಮೇಲೆ ಸೀಲ್ ಹಾಕಿಸಿಕೊಳ್ಳಿ.

ಕರೆಯೋ, ದಸ್ತಗಿರಿಯೋ ಕೇಳಿ

'ಸರ್, ನೋಟಿಸ್ ಇದೆಯಾ? ಸಾಕ್ಷಿ ಅಂತ ಕರೀತಿದ್ದೀರಾ, ಆರೋಪಿ ಅಂತಲಾ?' ಇಷ್ಟು ಕೇಳಿ, ದನಿ ಏರಿಸದೆ. ಬಾಗಿಲಲ್ಲಿ ಅಡ್ಡ ನಿಂತು ತಳ್ಳಾಡಿದರೆ ಅದೇ ಇನ್ನೊಂದು ಕೇಸ್ ಆಗುತ್ತದೆ.

2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಏಳು ವರ್ಷದವರೆಗೆ ಶಿಕ್ಷೆಯಿರುವ ಅಪರಾಧಗಳಲ್ಲಿ ದಸ್ತಗಿರಿ ಯಾಕೆ ಬೇಕು ಎಂಬ ಕಾರಣವನ್ನು ಪೊಲೀಸರು ಬರೆದಿಡಬೇಕು. ಬೇಡವಾದರೆ 35(3)ನೇ ಕಲಂ ಕೆಳಗೆ ನೋಟಿಸ್ ಕೊಟ್ಟು ಕರೆಯಬೇಕು. ಅಂಥ ನೋಟಿಸ್ ಬಂದರೆ ತಪ್ಪದೆ ಹೋಗಿ. ತಪ್ಪಿಸಿಕೊಂಡರೆ ದಸ್ತಗಿರಿಗೆ ನೀವೇ ಕಾರಣ ಕೊಟ್ಟಂತೆ.

ಸಾಕ್ಷಿಯಾಗಿ ಕರೆಯುವುದಾದರೆ ಹೆಂಗಸರು, 15 ವರ್ಷದೊಳಗಿನ ಹುಡುಗರು, 60 ದಾಟಿದ ಗಂಡಸರು, ಅಂಗವಿಕಲರು, ತೀವ್ರ ಕಾಯಿಲೆಯವರು ಠಾಣೆಗೆ ಹೋಗಬೇಕಾಗಿಲ್ಲ. ಪೊಲೀಸರೇ ಮನೆಗೆ ಬಂದು ಕೇಳಬೇಕು. ಹೆಂಗಸರನ್ನು ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ದಸ್ತಗಿರಿ ಮಾಡುವಂತಿಲ್ಲ. ತೀರಾ ವಿಶೇಷ ಸಂದರ್ಭವಾದರೆ ಮ್ಯಾಜಿಸ್ಟ್ರೇಟರ ಅನುಮತಿ ಮೊದಲೇ ಪಡೆದು, ಮಹಿಳಾ ಅಧಿಕಾರಿಯೇ ಮಾಡಬೇಕು.

ಕಾಗದ ಕೇಳಿ

ದಸ್ತಗಿರಿ ಎಂದಾದರೆ ಒಂದು ಮೆಮೊ ಬರೆಯಬೇಕು. ಮನೆಯವರೊಬ್ಬರು ಅಥವಾ ಬೀದಿಯ ಗೌರವಸ್ಥರೊಬ್ಬರು ಸಾಕ್ಷಿ ಹಾಕಬೇಕು, ದಸ್ತಗಿರಿಯಾದವರ ಸಹಿಯೂ ಬೇಕು. ಹಿಡಿಯುವ ಅಧಿಕಾರಿಯ ಹೆಸರಿನ ಬಿಲ್ಲೆ ಎದ್ದು ಕಾಣುವಂತಿರಬೇಕು. ಇದು ಸುಪ್ರೀಂ ಕೋರ್ಟ್‌ನ 1996ರ ಡಿ.ಕೆ. ಬಸು ತೀರ್ಪಿನಿಂದ ಬಂದದ್ದು, ಈಗ ಕಾನೂನಿನಲ್ಲೇ ಇದೆ. ಮೆಮೊಗೆ ಸಾಕ್ಷಿ ಹಾಕುವವರು ಅದರಲ್ಲಿ ಬರೆದ ಟೈಮ್ ಓದಿಯೇ ಸಹಿ ಹಾಕಿ. ತಪ್ಪಿದ್ದರೆ ಸಹಿಯ ಪಕ್ಕದಲ್ಲೇ ಸರಿಯಾದ ಟೈಮ್ ಬರೆಯಿರಿ.

ಯಾಕೆ ಹಿಡಿದರು ಎಂಬ ಕಾರಣವೂ ಬರಹದಲ್ಲೇ ಬೇಕು. ಅದೂ ಆ ವ್ಯಕ್ತಿಗೆ ಅರ್ಥವಾಗುವ ಭಾಷೆಯಲ್ಲಿ. ಎಲ್ಲ ಅಪರಾಧಗಳಿಗೂ ಇದು ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಹೇಳಿತು. ಕೂಡಲೇ ಕೊಡಲಾಗದಿದ್ದರೆ, ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸುವ ಎರಡು ಗಂಟೆ ಮೊದಲಾದರೂ ಕೊಡಬೇಕು. ಕನ್ನಡವಷ್ಟೇ ಬಲ್ಲವರಿಗೆ ಇಂಗ್ಲಿಷ್ ಹಾಳೆ ಕೈಗಿಟ್ಟು ಮುಗಿಸುವಂತಿಲ್ಲ.

ಒಳಗೆ ಹೋದವರಿಗೆ ಎರಡು ಮಾತು

ಖಾಲಿ ಹಾಳೆಗೆ ಸಹಿ ಹಾಕಬೇಡಿ. ನಿಮ್ಮ ವಿರುದ್ಧ ನೀವೇ ಸಾಕ್ಷಿ ಹೇಳುವಂತೆ ಬಲವಂತ ಮಾಡುವಂತಿಲ್ಲ ಎನ್ನುತ್ತದೆ 20(3)ನೇ ವಿಧಿ. ಪೊಲೀಸರ ಎದುರು ಕೊಟ್ಟ ತಪ್ಪೊಪ್ಪಿಗೆಯನ್ನು ಸಾಮಾನ್ಯವಾಗಿ ಕೋರ್ಟಿನಲ್ಲಿ ನಿಮ್ಮ ಮೇಲೆ ಬಳಸಲು ಬರುವುದಿಲ್ಲ. ನಿಮ್ಮ ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆಯೂ ಇಲ್ಲ. 2010ರಲ್ಲಿ ಆ ತೀರ್ಪು ಬಂದದ್ದು ನಮ್ಮ ರಾಜ್ಯವೇ ಎದುರುವಾದಿಯಾಗಿದ್ದ ಸೆಲ್ವಿ ಪ್ರಕರಣದಲ್ಲಿ. ವಿಚಾರಣೆಯ ನಡುವೆ ವಕೀಲರನ್ನು ಕಾಣಬಹುದು, ಉದ್ದಕ್ಕೂ ಪಕ್ಕದಲ್ಲಿ ಕೂರಿಸಿಕೊಳ್ಳಲು ಆಗುವುದಿಲ್ಲ.

ಇನ್ನೊಂದು, ಮ್ಯಾಜಿಸ್ಟ್ರೇಟ್ ಮುಂದೆ ಬಾಯಿ ಬಿಡಿ. ಹೊಡೆದಿದ್ದರೆ ಹೇಳಿ, ಗಾಯ ತೋರಿಸಿ, ಯಾವಾಗ ಹಿಡಿದರು ಎಂದು ಹೇಳಿ. 'ಏನಾದ್ರೂ ತೊಂದ್ರೆ ಕೊಟ್ರಾ?' ಎಂದು ಕೇಳಿದಾಗ, ಹಿಂದೆ ನಿಂತ ಪೇದೆಯ ಮುಖ ನೋಡಿ 'ಇಲ್ಲ ಸ್ವಾಮಿ' ಅನ್ನುವವರೇ ಜಾಸ್ತಿ. ಆಮೇಲೆ ಹೇಳಿದರೆ ಯಾಕೆ ಆವತ್ತೇ ಹೇಳಲಿಲ್ಲ ಎಂಬ ಪ್ರಶ್ನೆ ಬರುತ್ತದೆ.

ವಕೀಲರಿಗೆ ದುಡ್ಡಿಲ್ಲದಿದ್ದರೆ 15100ಕ್ಕೆ ಫೋನ್ ಮಾಡಿ. ಕಸ್ಟಡಿಯಲ್ಲಿರುವವರಿಗೆ, ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ.

24 ಗಂಟೆ ದಾಟಿದರೆ

ಮನುಷ್ಯ ಎಲ್ಲಿದ್ದಾನೆಂದೇ ಹೇಳುತ್ತಿಲ್ಲ, ಮ್ಯಾಜಿಸ್ಟ್ರೇಟ್ ಮುಂದೆಯೂ ತಂದಿಲ್ಲ. ಆಗ ಹೈಕೋರ್ಟ್‌ನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಹಿಡಿದಿಟ್ಟವರನ್ನು ಕೋರ್ಟಿನ ಮುಂದೆ ತಂದು ನಿಲ್ಲಿಸಿ ಎಂದು ಕೇಳುವ ಅರ್ಜಿ ಹಾಕಬೇಕು, 226ನೇ ವಿಧಿಯ ಕೆಳಗೆ. ಬೆಂಗಳೂರು, ಧಾರವಾಡ, ಕಲಬುರಗಿ, ನಿಮ್ಮ ಜಿಲ್ಲೆಗೆ ಸೇರಿದ ಪೀಠದಲ್ಲಿ. ಒಳಗಿರುವವರೇ ಹಾಕಬೇಕೆಂದಿಲ್ಲ, ತಾಯಿ, ಹೆಂಡತಿ, ಗೆಳೆಯ ಯಾರಾದರೂ ಹಾಕಬಹುದು. ಮ್ಯಾಜಿಸ್ಟ್ರೇಟ್ ರಿಮ್ಯಾಂಡ್ ಮಾಡಿ (ಕಸ್ಟಡಿಗೆ ಒಪ್ಪಿಸಿ) ಆಗಿದ್ದರೆ ಸಾಮಾನ್ಯವಾಗಿ ಈ ದಾರಿ ಮುಚ್ಚಿದಂತೆ. ಆಮೇಲೆ ಜಾಮೀನಿಗೆ ಓಡಾಡಬೇಕು.

ಈ ಅರ್ಜಿಗೆ ಬೆಂಗಳೂರಿನ ನಂಟು ಹಳೆಯದು. 1975ರ ಜೂನ್ 26ರಂದು, ಸಂಸದೀಯ ಸಮಿತಿಯ ಸಭೆಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅವರನ್ನು ಇಲ್ಲೇ ಹಿಡಿದು ಸೆಂಟ್ರಲ್ ಜೈಲಿಗೆ ಹಾಕಿದರು. ಈಗಿನ ಫ್ರೀಡಂ ಪಾರ್ಕ್ ಅದೇ. ಅವರೂ ನಮ್ಮ ಹೈಕೋರ್ಟ್‌ಗೇ ಹೇಬಿಯಸ್ ಕಾರ್ಪಸ್ ಹಾಕಿದರು. ಆದರೆ 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್, ತುರ್ತು ಪರಿಸ್ಥಿತಿಯಲ್ಲಿ ಈ ಬಾಗಿಲು ಬಡಿಯುವ ಹಕ್ಕೇ ಇಲ್ಲ ಎಂದಿತು. ಐವರಲ್ಲಿ ಒಪ್ಪದವರು ಎಚ್.ಆರ್. ಖನ್ನಾ ಒಬ್ಬರೇ. ಮುಂದೆ 44ನೇ ತಿದ್ದುಪಡಿ ಬಂದು, ತುರ್ತು ಪರಿಸ್ಥಿತಿಯಲ್ಲೂ 20 ಮತ್ತು 21ನೇ ವಿಧಿಗಳನ್ನು ಮುಟ್ಟುವಂತಿಲ್ಲ ಎಂದಾಯಿತು. ಆ ಹಳೆಯ ತೀರ್ಪೂ 2017ರಲ್ಲಿ ಬಿದ್ದುಹೋಯಿತು. ಅದನ್ನು ಬೀಳಿಸಿದ ಪ್ರಕರಣ ಹಾಕಿದ್ದವರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಒಂದು ಎಚ್ಚರಿಕೆ. ಗೂಂಡಾ ಕಾಯ್ದೆಯಂಥ ಮುಂಜಾಗ್ರತಾ ಬಂಧನಕ್ಕೆ 24 ಗಂಟೆಯ ಲೆಕ್ಕ ಇಲ್ಲ. 22ನೇ ವಿಧಿಯೇ ಆ ಸಂದಿ ಬಿಟ್ಟಿದೆ. ನನ್ನ ಕೇಳಿದರೆ ಸಂವಿಧಾನದಲ್ಲಿ ಅಷ್ಟಾಗಿ ಹೊಂದದ ಜಾಗ ಅದು. ಅಲ್ಲಿ ಬೇರೆ ಗಡುವುಗಳಿವೆ: ಬಂಧನ ಮೂರು ತಿಂಗಳು ದಾಟಬೇಕಾದರೆ ಸಲಹಾ ಮಂಡಳಿ ಒಪ್ಪಬೇಕು. ಅಂಥ ಆದೇಶವಿದ್ದರೆ ಅದರ ಪ್ರತಿ ಹಿಡಿದು ನೇರ ವಕೀಲರ ಬಳಿ ಹೋಗಿ.

ಉಳಿದವರು ಹೈಕೋರ್ಟ್‌ಗೆ ಹೊರಡುವಾಗ ತೆಗೆದುಕೊಂಡು ಹೋಗಬೇಕಾದದ್ದು ಹೆಚ್ಚೇನಿಲ್ಲ. ಆಧಾರ್, ಪೊಲೀಸರು ಹಿಡಿದೊಯ್ದ ವ್ಯಕ್ತಿಯ ಒಂದು ಫೋಟೊ, ಠಾಣೆಗೆ ಕೊಟ್ಟ ಅರ್ಜಿಯ ಸೀಲ್ ಬಿದ್ದ ನಕಲು. ಜೊತೆಗೆ, ಹಿಂದೆ ಟೈಮ್ ಬರೆದ ಆ ಕ್ಯಾಲೆಂಡರ್ ಹಾಳೆ.