ಮಲೆನಾಡಿನ ಲಾರಿ ಚಾಲಕರು ಟೈರು ನೋಡಿಕೊಳ್ಳುವ, ತಪಾಸಣೆಗೆ ಸಿದ್ಧರಾಗುವ ಬಗೆ

ಶಿವಮೊಗ್ಗದಲ್ಲಿ ಅಕ್ಕಿ ಹೇರಿಕೊಂಡು ಆಯನೂರು, ರಿಪ್ಪನ್‌ಪೇಟೆ, ಹೊಸನಗರ, ನಗರ ಎಂಬ ಊರು, ಮಾಸ್ತಿಕಟ್ಟೆಯ ಮೇಲೆ ಹುಲಿಕಲ್ ಘಾಟಿ ಇಳಿದು ಕುಂದಾಪುರಕ್ಕೆ ಹೋಗುವ ಆರು ಚಕ್ರದ ಲಾರಿಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಈ ದಾರಿಯಲ್ಲಿ ಮಳೆ, ತಿರುವು, ಇಳಿಜಾರು, ಜಲ್ಲಿ ಎಲ್ಲವೂ ಇವೆ. ದಾರಿಯಲ್ಲಿ ಅಧಿಕಾರಿ ಏನನ್ನು ಪರೀಕ್ಷಿಸುತ್ತಾರೋ ಅದನ್ನೇ ಚಾಲಕನು ನಸುಕಿನಲ್ಲಿ ತಾನೇ ಪರೀಕ್ಷಿಸಿಕೊಂಡಿದ್ದರೆ ತಪಾಸಣೆ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ ಎಂಬುದು ನನ್ನ ಅನುಭವ.

ಗಾಳಿಯನ್ನು ಟೈರು ತಣ್ಣಗಿರುವಾಗಲೇ ನೋಡಬೇಕು. ಓಡಿ ಬಂದ ಟೈರಿನಲ್ಲಿ ಒತ್ತಡ ತಾನಾಗಿಯೇ ಏರಿರುತ್ತದೆ. ಆಗ ಗೇಜು ಹೆಚ್ಚು ತೋರಿಸಿತೆಂದು ಗಾಳಿ ಬಿಟ್ಟರೆ, ತಣಿದ ಮೇಲೆ ಅದೇ ಟೈರು ಬೇಕಾದುದಕ್ಕಿಂತ ಕಡಿಮೆ ಗಾಳಿಯಲ್ಲಿ ಉಳಿಯುತ್ತದೆ. ಗಾಳಿಯ ಒತ್ತಡ ಎಷ್ಟು ಪೌಂಡು (ಪಿಎಸ್‌ಐ) ಇರಬೇಕೆಂಬುದನ್ನು ಪಂಕ್ಚರ್ ಅಂಗಡಿಯ ಬಾಯಿಮಾತಿನಿಂದ ತಿಳಿಯದೆ, ಟೈರಿನ ಪಕ್ಕದ ಗೋಡೆಯ ಮೇಲಿನ ಬರಹ ಮತ್ತು ತಯಾರಕರ ಪಟ್ಟಿಯನ್ನು ನೋಡಿ, ಹೇರುವ ಭಾರಕ್ಕೆ ತಕ್ಕಂತೆ ಗೊತ್ತುಮಾಡಿಕೊಳ್ಳಬೇಕು. ರಾಡಿನಿಂದ ಬಡಿದು ಶಬ್ದ ಕೇಳುವ ಹಳೆಯ ಅಭ್ಯಾಸದಿಂದ ಪೂರ್ತಿ ಇಳಿದ ಟೈರು ಪತ್ತೆಯಾಗುತ್ತದೆಯೇ ಹೊರತು, 110 ಪೌಂಡು ಇರಬೇಕಾದಲ್ಲಿ 85 ಇರುವ ಟೈರು ಪತ್ತೆಯಾಗುವುದಿಲ್ಲ. ಇರಬೇಕಾದ ಒತ್ತಡದ ಶೇಕಡಾ 80ಕ್ಕಿಂತ ಕೆಳಗೆ ಓಡಿದ ಟೈರನ್ನು ಗಾಳಿ ಇಳಿದ ಟೈರೆಂದೇ ಎಣಿಸಿ, ಬಿಚ್ಚಿಸಿ ಒಳಗನ್ನು ನೋಡಿಸಬೇಕು. ಒಳಗಿನ ತಂತಿಗಳು ಬಳಲಿದ್ದರೆ ಮತ್ತೆ ಗಾಳಿ ತುಂಬುವಾಗ ಪಕ್ಕದ ಗೋಡೆ ಸೀಳಿ ಸಿಡಿಯಬಹುದು. ಆಗ ಎದುರಿಗೆ ನಿಂತವರ ಪ್ರಾಣಕ್ಕೇ ಅಪಾಯ.

ಹಿಂದಿನ ಜೋಡಿ ಟೈರುಗಳಲ್ಲಿ ಒಳಗಿನದನ್ನು ನೋಡಲು ಹೆಚ್ಚಿನವರು ಸೋಮಾರಿತನ ಮಾಡುತ್ತಾರೆ, ನಾನೂ ಮಾಡಿದ್ದೆ. ಒಂದು ಮಳೆಗಾಲದಲ್ಲಿ ಹೊರ ಟೈರುಗಳಿಗೆ ಮಾತ್ರ ಗೇಜು ಹಿಡಿದು ಹೊರಟಿದ್ದಾಗ, ಒಳ ಟೈರು ಮೊದಲೇ ಗಾಳಿ ಇಳಿದು ಕುಳಿತಿದ್ದರಿಂದ ಆ ಬದಿಯ ಭಾರವೆಲ್ಲ ಹೊರಗಿನದರ ಮೇಲೆ ಬಿದ್ದು, ನಗರ ಊರು ದಾಟಿದ ಮೇಲೆ ರಬ್ಬರು ಸುಟ್ಟ ವಾಸನೆ ಬರುವ ಹೊತ್ತಿಗೆ ಎರಡೂ ಟೈರುಗಳು ಕೆಟ್ಟುಹೋಗಿದ್ದವು. ಆದ್ದರಿಂದ ಟಾರ್ಚ್ ಹಿಡಿದು ಬಗ್ಗಿ ನೋಡಲೇಬೇಕು. ಒಳ ಟೈರಿನ ವಾಲ್ವ್‌ಗೆ ಕೈ ಎಟಕುವಂತಿರಬೇಕು ಮತ್ತು ಅದರ ಮುಚ್ಚಳ ಬಿದ್ದುಹೋಗಿರಬಾರದು. ತೋಟದ ಕಚ್ಚಾ ರಸ್ತೆಯಿಂದ ಅಡಿಕೆ ಮೂಟೆ ತಂದ ಮಾರನೆಯ ದಿನವಂತೂ ಜೋಡಿಯ ಸಂದಿನಲ್ಲಿ ಜಂಬಿಟ್ಟಿಗೆಯ ತುಂಡೋ ದಪ್ಪ ಜಲ್ಲಿಯೋ ಸಿಕ್ಕಿಕೊಂಡಿರುವ ಸಾಧ್ಯತೆ ಹೆಚ್ಚು. ಅದು ಎರಡೂ ಗೋಡೆಗಳನ್ನು ತಿನ್ನುತ್ತದೆ, ಕಿತ್ತುಕೊಂಡು ಹಾರಿದರೆ ಹಿಂದೆ ಬರುವ ಬೈಕ್ ಸವಾರನಿಗೆ ಬಡಿಯುತ್ತದೆ. ಜೋಡಿಯ ಎರಡು ಟೈರುಗಳ ವ್ಯಾಸದಲ್ಲಿ ಕಾಲು ಇಂಚಿಗಿಂತ ಹೆಚ್ಚು ಅಂತರವಿರಬಾರದು, ಏಕೆಂದರೆ ದೊಡ್ಡದು ಭಾರ ಹೊತ್ತು ಬಿಸಿಯಾಗುತ್ತದೆ, ಚಿಕ್ಕದು ರಸ್ತೆಯ ಮೇಲೆ ಉಜ್ಜಿಕೊಂಡು ಸವೆಯುತ್ತದೆ.

ಸವೆದ ರೀತಿಯನ್ನು ನೋಡಿದರೆ ದೋಷವೆಲ್ಲಿದೆ ಎಂಬುದು ತಿಳಿಯುತ್ತದೆ. ನಡುಭಾಗ ಸವೆದಿದ್ದರೆ ಗಾಳಿ ಹೆಚ್ಚು, ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ, ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ (ಚಕ್ರಗಳ ನೇರ) ತಪ್ಪಿದೆ ಎಂದು ತಿಳಿಯಬೇಕು. ಗೋಡೆ ಉಬ್ಬಿದ ಟೈರನ್ನು ಆ ದಿನವೇ ತೆಗೆಸಬೇಕು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 94ನೇ ನಿಯಮ ಟೈರಿನ ಸ್ಥಿತಿಗೆ ಸಂಬಂಧಿಸಿದ್ದು. ಟೈರಿನ ಗೆರೆಗಳ ಆಳದಲ್ಲಿ ಅಲ್ಲಲ್ಲಿ ಅಡ್ಡಲಾಗಿ ಇರುವ ಸಣ್ಣ ದಿಬ್ಬಗಳೇ ಸವೆತದ ಗುರುತುಗಳು. ಅಧಿಕಾರಿಗಳು ಮೊದಲು ನೋಡುವುದೂ ಅವನ್ನೇ. ಆದರೆ ಮುಂಗಾರಿನಲ್ಲಿ ರಸ್ತೆಯ ಮೇಲೆ ಹರಿಯುವ ನೀರನ್ನು ಹೊರದೂಡಲು ಗೆರೆಗಳು ಆಳವಾಗಿಯೇ ಇರಬೇಕಾದ್ದರಿಂದ, ರಬ್ಬರು ಆ ಗುರುತಿನ ಮಟ್ಟಕ್ಕೆ ಸವೆಯುವವರೆಗೆ ಕಾಯದೆ, ಜೂನ್‌ಗೆ ಮೊದಲೇ ಮುಂದಿನ ಎರಡು ಟೈರುಗಳನ್ನಾದರೂ ಬದಲಿಸುವುದು ಒಳ್ಳೆಯದು. ರೀಸೋಲ್ ಮಾಡಿದ, ಅಂದರೆ ಸವೆದ ಮೇಲೆ ಹೊಸ ರಬ್ಬರು ಅಂಟಿಸಿದ ಟೈರನ್ನು ಮುಂದಕ್ಕೆ ಹಾಕುವುದನ್ನು ನಾನು ಒಪ್ಪುವುದಿಲ್ಲ: ಘಾಟಿಯ ತಿರುವಿನಲ್ಲಿ ಮುಂದಿನ ಟೈರು ಒಡೆದರೆ ಸ್ಟಿಯರಿಂಗ್ ಕೈಯಲ್ಲಿ ಉಳಿಯುವುದಿಲ್ಲ. ಡಿಸ್ಕಿನ ನಟ್ಟುಗಳ ಸುತ್ತ ತುಕ್ಕಿನ ಗೀರು ಇಳಿದಿದ್ದರೆ ನಟ್ಟು ಸಡಿಲವಾಗಿದೆ ಎಂದರ್ಥ.

ಮಳೆಗಾಲದಲ್ಲಿ ಘಾಟಿ ರಸ್ತೆಗಳಲ್ಲಿ ಭಾರೀ ವಾಹನಗಳನ್ನು ನಿರ್ಬಂಧಿಸಿ ಜಿಲ್ಲಾಡಳಿತ ಆದೇಶ ಹೊರಡಿಸುವುದುಂಟು. ಲೋಡ್ ಒಪ್ಪಿಕೊಳ್ಳುವ ಮೊದಲೇ ಅದನ್ನು ವಿಚಾರಿಸಿಕೊಳ್ಳಬೇಕು. ಹುಲಿಕಲ್‌ನಲ್ಲಿ ಚಂಡಿಕಾಂಬಾ ದೇವಸ್ಥಾನದ ಬಳಿ ಚಾಲಕರು ಲಾರಿ ನಿಲ್ಲಿಸಿ ಕೈಮುಗಿಯುವುದು ರೂಢಿ. ಆ ನಿಲುಗಡೆಯಲ್ಲೇ ಒಂದು ಸುತ್ತು ಬಂದು, ಪ್ರತಿ ಚಕ್ರದ ಬಳಿಯೂ ಅಂಗೈಯ ಹಿಂಬದಿಯಿಂದ ಬಿಸಿಯನ್ನು ಅಳೆಯಬೇಕು. ಒಂದು ಚಕ್ರ ಮಾತ್ರ ಉಳಿದವಕ್ಕಿಂತ ಬಿಸಿಯಾಗಿದ್ದರೆ ಅಲ್ಲಿ ಗಾಳಿ ಇಳಿದಿದೆ, ಇಲ್ಲವೇ ಬ್ರೇಕು ಹಿಡಿದುಕೊಂಡಿದೆ. ಕಾದ ಬ್ರೇಕ್ ಡ್ರಮ್ಮಿನ ಮೇಲೆ ನೀರು ಎರಚಿದರೆ ಅದು ಬಿರುಕು ಬಿಡುವ ಭಯವಿರುವುದರಿಂದ ತಾನಾಗಿ ತಣಿಯಲು ಬಿಡಬೇಕು. ಇಳಿಯುವಾಗ ಕೆಳಗಿನ ಗೇರು ಮತ್ತು ಎಂಜಿನ್ನಿನ ಹೊಗೆ ತಡೆದು ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕಿನ ಹಿಡಿತದಲ್ಲಿಯೇ ಲಾರಿ ಸಾಗಬೇಕು.

ದಾರಿಯಲ್ಲಿ ಟೈರು ಬದಲಿಸಬೇಕಾಗಿ ಬಂದರೆ ತಿರುವು, ಇಳಿಜಾರುಗಳನ್ನು ಬಿಟ್ಟು ಅಗಲವಾದ ಜಾಗಕ್ಕೆ ನಿಧಾನವಾಗಿ ತಂದು, ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದೆ ದೂರದಲ್ಲಿ ಎಚ್ಚರಿಕೆಯ ತ್ರಿಕೋನ ಇಟ್ಟು, ಒದ್ದೆ ಮಣ್ಣಿನಲ್ಲಿ ಜಾಕ್ ಹೂತುಹೋಗದಂತೆ ಅಡಿಗೆ ದಪ್ಪ ಹಲಗೆ ಹಾಕಬೇಕು. ನಟ್ಟುಗಳನ್ನು ಎದುರುಬದುರಿನ ಕ್ರಮದಲ್ಲಿ ಬಿಗಿಮಾಡಿ, ಸುಮಾರು 100 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿಮಾಡಬೇಕು. ಲಾಕ್ ರಿಂಗ್ (ಟೈರನ್ನು ಹಿಡಿದಿಡುವ ಕಬ್ಬಿಣದ ಬಳೆ) ಇರುವ ಚಕ್ರಕ್ಕೆ ಕಬ್ಬಿಣದ ಪಂಜರವಿಲ್ಲದೆ ಗಾಳಿ ತುಂಬಿಸಬೇಡಿ. ಕ್ಲೀನರ್ ಹುಡುಗನನ್ನು ಅದರ ಎದುರಿಗೆ ಕೂರಿಸಲೇಬೇಡಿ.

ತಪಾಸಣೆಗೆ ಕೈ ಅಡ್ಡ ಹಾಕಿದಾಗ ಎಡಬದಿಗೆ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ ಇಳಿಯಿರಿ. ಆರ್‌ಸಿ (ನೋಂದಣಿ ಪತ್ರ), ಎಫ್‌ಸಿ (ವಾಹನದ ಅರ್ಹತಾ ಪ್ರಮಾಣಪತ್ರ), ವಿಮೆ, ಪರ್ಮಿಟ್, ತೆರಿಗೆ ರಸೀದಿ, ಹೊಗೆ ಪರೀಕ್ಷೆಯ ಪ್ರಮಾಣಪತ್ರ, ಲೈಸೆನ್ಸ್ ಇವು ಒಂದೇ ಫೈಲಿನಲ್ಲಿರಲಿ. ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಮೊಬೈಲ್ ಆ್ಯಪ್‌ನಲ್ಲಿ ತೋರಿಸಿದರೂ ಸಲ್ಲುತ್ತದೆ, ಆದರೆ ಘಾಟಿಯಲ್ಲಿ ನೆಟ್‌ವರ್ಕ್ ಸಿಗುವ ಭರವಸೆಯಿಲ್ಲ. ಸರಕಿನ ಬಿಲ್ಲು ಮತ್ತು ಸಾಗಣೆಯ ಜಿಎಸ್‌ಟಿ ಚೀಟಿಯಾದ ಇ-ವೇ ಬಿಲ್ಲಿನಲ್ಲಿರುವ ಲಾರಿ ನಂಬರು ನಿಮ್ಮದೇ ಎಂದು ಹೊರಡುವಾಗಲೇ ನೋಡಿಕೊಳ್ಳಿ; ಲಾರಿ ಕೆಟ್ಟು ಸರಕನ್ನು ಬೇರೆ ಲಾರಿಗೆ ಹಾಕಿದರೆ ಇ-ವೇ ಬಿಲ್ಲಿನ ಬಿ ಭಾಗದಲ್ಲಿ ಹೊಸ ನಂಬರು ದಾಖಲಾಗಬೇಕು. ಮರಮಟ್ಟು ಹೇರಿದ್ದರೆ ಅರಣ್ಯ ಇಲಾಖೆಯ ಸಾಗಣೆ ಪರವಾನಗಿ ಜೊತೆಗಿರಲೇಬೇಕು.

ಭಾರದ ವಿಷಯದಲ್ಲಿ ಚಾಲಕನು ಮಾಲೀಕನಿಗೆ ಬೇಡವೆನ್ನಲು ಹಿಂಜರಿಯಬಾರದು. 2018ರ ಪರಿಷ್ಕರಣೆಯ ನಂತರ ಎರಡು ಆಕ್ಸಲ್‌ಗಳ ಆರು ಚಕ್ರದ ಲಾರಿಗೆ ಒಟ್ಟು ತೂಕದ ಮಿತಿ ಗರಿಷ್ಠ 18.5 ಟನ್ನು, ನಿಮ್ಮ ಲಾರಿಗೆ ಸಲ್ಲುವುದು ಆರ್‌ಸಿಯಲ್ಲಿ ಬರೆದಿರುವಷ್ಟೇ. 2019ರ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ನೇ ಕಲಮು ಹೆಚ್ಚುವರಿ ಭಾರಕ್ಕೆ 20,000 ರೂಪಾಯಿ ಮತ್ತು ಮೇಲಿನ ಪ್ರತಿ ಟನ್ನಿಗೆ 2,000 ರೂಪಾಯಿ ದಂಡ ಹೇಳುತ್ತದೆ. ಹೆಚ್ಚುವರಿ ಸರಕನ್ನು ಅಲ್ಲಿಯೇ ಇಳಿಸುವ ಖರ್ಚು ಬೇರೆ. ದಂಡ ಕಟ್ಟಿದರೆ ರಸೀದಿ ಕೇಳಿ ಪಡೆಯಿರಿ.

ಸಂಜೆ ಲಾರಿಯನ್ನು ಸಮತಟ್ಟಾದ, ಎಣ್ಣೆ ಚೆಲ್ಲಿರದ ಜಾಗದಲ್ಲಿ ನಿಲ್ಲಿಸಿ, ಡ್ಯಾಷ್‌ಬೋರ್ಡಿನ ಪುಸ್ತಕದಲ್ಲಿ ದಿನಾಂಕ, ಓಡಿದ ಕಿಲೋಮೀಟರ್ ಮತ್ತು ಸ್ಟೆಪ್ನಿಯೂ ಸೇರಿ ಏಳು ಟೈರುಗಳ ಬೆಳಗಿನ ಗಾಳಿಯನ್ನು ಬರೆದಿಡಬೇಕು. ‘ಎಡ ಒಳ ಟೈರು 8 ಪೌಂಡು ಇಳಿದಿತ್ತು, ವಾಲ್ವ್ ನೋಡಿಸಬೇಕು’ ಎಂಬ ಒಂದು ಸಾಲು ಅಲ್ಲಿದ್ದರೆ, ಮರುದಿನ ಬೇರೆ ಚಾಲಕ ಬಂದರೂ ಮೊದಲು ಆ ಚಕ್ರದ ಬಳಿಗೇ ಹೋಗುತ್ತಾನೆ.