ಬೆಟಗೇರಿಯ 58 ಕಂಬಗಳು

ಮೊದಲ ಸಲ ಬೆಟಗೇರಿಗೆ ಇಂಟರ್ನೆಟ್‌ನ ಫೈಬರ್ ಕೇಬಲ್ ಎಳೆದಾಗ ನಾನು ಯಾರ ಪರವಾನಗಿಯನ್ನೂ ತಗೊಂಡಿರಲಿಲ್ಲ. ಎಲ್ಲರೂ ಕರೆಂಟ್ ಕಂಬಕ್ಕೆ ಕಟ್ಟುತ್ತಾರೆ, ನಾವೂ ಕಟ್ಟಿದರಾಯಿತು ಅಂದುಕೊಂಡಿದ್ದೆ. ಐದು ತಿಂಗಳಾಗಿತ್ತು. ಒಂದು ಬೆಳಗ್ಗೆ ನೋಡಿದರೆ ಕೇಬಲ್ ಕತ್ತರಿಸಿ, ಸುರುಳಿ ಸುತ್ತಿ ರಸ್ತೆ ಬದಿಗೆ ಹಾಕಿದ್ದರು. 140 ಮನೆಗಳಲ್ಲಿ ನೆಟ್ ಬಂದ್. ಒಬ್ಬ ಹುಡುಗಿ ಫೋನ್ ಮಾಡಿ, "ಅಣ್ಣಾರ, ಇವತ್ತ ಫಾರ್ಮ್ ತುಂಬಾಕ ಕಡೀ ದಿನ ಐತ್ರಿ" ಅಂದಳು. ಆ ದನಿ ಇವತ್ತಿಗೂ ಕಿವಿಯಲ್ಲಿದೆ. ಜಗಳ ಮಾಡೋಣವೆಂದರೆ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ.

ಎರಡನೇ ಸಲ ಕೇಬಲ್ ತರುವ ಮುಂಚೆ ನೋಟ್‌ಬುಕ್ ಹಿಡಿದು ನಡೆದೆ. ನಿವೃತ್ತ ಲೈನ್‌ಮ್ಯಾನ್ ಒಬ್ಬರು ಜೊತೆಗೆ ಬಂದರು. ಯಾವ ಟಿಸಿ (ಟ್ರಾನ್ಸ್‌ಫಾರ್ಮರ್), ಕಂಬ ಸಿಮೆಂಟಿನದೋ ಕಬ್ಬಿಣದ್ದೋ, ಎಷ್ಟು ವಾಲಿದೆ, ಆಗಲೇ ಯಾರ ಕೇಬಲ್ ಇದೆ, ಎಲ್ಲ ಬರೆದುಕೊಂಡೆ. 58 ಕಂಬಕ್ಕೆ ಎರಡು ದಿನ ಹಿಡಿಯಿತು. 31ನೇ ಕಂಬದ ಹತ್ತಿರ ಅವರು ಕೂತು ಬುಡದ ಮಣ್ಣು ಕೆದರಿದರು. ನೆಲ ಸೇರುವಲ್ಲಿ ಕಬ್ಬಿಣ ತುಕ್ಕು ಹಿಡಿದು ಪದರ ಪದರವಾಗಿ ಎದ್ದಿತ್ತು. "ತಮ್ಮಾ, ಇದಕ್ಕ ಭಾರ ಹಾಕಬ್ಯಾಡ" ಅಂದರು. ನನ್ನ ಕಣ್ಣಿಗೆ ಅದು ನೆಟ್ಟಗೇ ಕಂಡಿತ್ತು. ಅದನ್ನು ಪಟ್ಟಿಯಿಂದ ತೆಗೆದು, ಕೇಬಲ್ ದಾರಿಯನ್ನು ರಸ್ತೆಯ ಆಚೆ ಬದಿಯ ಕಂಬಕ್ಕೆ ದಾಟಿಸಿದೆವು.

ಪರವಾನಗಿ ಕೇಳುವಾಗ ರಸ್ತೆ ಯಾರದ್ದು ಅನ್ನೋದೂ ಮುಖ್ಯ. ಓಣಿ ನಗರಸಭೆಯದು, ರಾಷ್ಟ್ರೀಯ ಹೆದ್ದಾರಿ 67 ದಾಟಬೇಕೆಂದರೆ ಬೇರೆ ಕಡೆ ಹೋಗಬೇಕು, ರೈಲು ಹಳಿಗೆ ಮತ್ತೊಂದು ಅರ್ಜಿ. ಇಂಟರ್ನೆಟ್ ಕಂಪನಿಯ ಪರವಾಗಿ ಊರಲ್ಲಿ ಸಂಪರ್ಕ ಕೊಡುವ ನನ್ನಂಥ ಫ್ರಾಂಚೈಸಿಯವರು ಸ್ವಂತ ಹೆಸರಲ್ಲಿ ಅರ್ಜಿ ಹಾಕಿದರೆ ನಡೆಯುವುದಿಲ್ಲ, ಲೈಸೆನ್ಸ್ ಇರುವ ಕಂಪನಿಯ ಹೆಸರಲ್ಲೇ ಹೋಗಬೇಕು. 2024ರ ರೈಟ್ ಆಫ್ ವೇ (ಕೇಬಲ್ ಎಳೆಯಲು ದಾರಿ ಕೊಡುವ) ನಿಯಮಗಳು 2025ರ ಜನವರಿ 1ರಿಂದ ಜಾರಿಯಲ್ಲಿವೆ. ಅರ್ಜಿ ತಿರಸ್ಕರಿಸಿದರೆ ಕಾರಣ ಬರೆದು ಕೊಡಬೇಕು. ಸಣ್ಣವರಿಗೆ ಇದು ದೊಡ್ಡ ಆಸರೆ. ಆದರೆ ನಕ್ಷೆ ಮತ್ತು ಕಂಬದ ಪಟ್ಟಿ ಸರಿಯಿದ್ದರೆ ಮಾತ್ರ ಮಾತಾಡಲು ಧೈರ್ಯ ಬರುತ್ತದೆ.

ಕೇಬಲ್ ವಿಷಯದಲ್ಲಿ ಮಾತ್ರ ದುಡ್ಡು ಉಳಿಸಲು ಹೋಗಬೇಡಿ. ಮೊದಲ ಸಲ ಒಳಗೆ ಉಕ್ಕಿನ ತಂತಿ ಇರುವ ಅಗ್ಗದ ಕೇಬಲ್ ಹಾಕಿದ್ದೆ. ಮೇಲಿನ ತಂತಿ ಹರಿದು ಅದಕ್ಕೆ ತಾಗಿದರೆ ಕರೆಂಟ್ ಸೀದಾ ಗಿರಾಕಿಯ ಗೋಡೆವರೆಗೆ ಬರುತ್ತದೆ. ನೆನೆದರೆ ಈಗಲೂ ಎದೆ ಝಲ್ ಅನ್ನುತ್ತದೆ. ಈಗ ಲೋಹವೇ ಇಲ್ಲದ ಎಡಿಎಸ್‌ಎಸ್ ಕೇಬಲ್ ಹಾಕುತ್ತೇವೆ. ಕರೆಂಟ್ ತಂತಿಗಿಂತ ಸಾಕಷ್ಟು ಕೆಳಗೆ ಕಟ್ಟುತ್ತೇವೆ, ಆದರೆ ರಸ್ತೆ ದಾಟುವಲ್ಲಿ ಶೇಂಗಾ ಹೊಟ್ಟು ಹೇರಿದ ಟ್ರ್ಯಾಕ್ಟರ್‌ಗೆ ತಾಗಬಾರದು. ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಕರೆಂಟ್ ತೆಗೆದಿದೆ ಅನ್ನುವ ಒಪ್ಪಿಗೆ) ತಗೊಳ್ಳದೆ ನಮ್ಮ ಹುಡುಗರು ಏಣಿ ಹತ್ತುವುದಿಲ್ಲ. ಒಪ್ಪಿಗೆ ಸಿಕ್ಕ ಪ್ರತಿ ಕಂಬದ ಮೇಲೂ ನಮ್ಮ ಹೆಸರು, ಫೋನ್ ನಂಬರ್ ಇರುವ ಚೀಟಿ ಕಟ್ಟಿದ್ದೇವೆ.

ಕಳೆದ ತಿಂಗಳು 31ನೇ ಕಂಬ ಬದಲಿಸಿದರು. ಹಿಂದಿನ ದಿನವೇ ನಮಗೆ ಫೋನ್ ಬಂತು. ಈಗ ಅಲ್ಲಿ ಹೊಸ ಸಿಮೆಂಟ್ ಕಂಬ ನಿಂತಿದೆ. ಅದನ್ನೂ ಪಟ್ಟಿಗೆ ಸೇರಿಸಿ ಅಂತ ಅರ್ಜಿ ಕೊಟ್ಟಿದ್ದೇವೆ.