ಅಮ್ಮನ ನಡಿಗೆಗೆ ಹೊಂದುವ ಊರು: ನಾನು ದಿಜೋಂ ಆರಿಸಿಕೊಂಡ ಬಗೆ

ಅಮ್ಮ ಹಾಸನದಿಂದ ಪ್ಯಾರಿಸ್ಸಿಗೆ ಬಂದು ಮೂರು ವಾರಗಳಾಗಿದ್ದವು. ಮೆಟ್ರೋ ನಿಲ್ದಾಣಗಳ ಮೆಟ್ಟಿಲುಗಳನ್ನು ಹತ್ತಿ ಇಳಿದು ಅವಳ ಮಂಡಿ ನೋಯತೊಡಗಿತ್ತಾದರೂ, ಪ್ಯಾರಿಸ್ಸಿನ ಆಚೆಗೆ ಫ್ರಾನ್ಸಿನ ಒಂದು ಹಳೆಯ ಊರನ್ನಾದರೂ ಕಾಲ್ನಡಿಗೆಯಲ್ಲಿ ಸುತ್ತಿ ನೋಡಬೇಕೆಂಬ ಆಸೆ ಅವಳಿಗಿತ್ತು. ನನಗೆ ಕಚೇರಿಯಿಂದ ಸಿಕ್ಕಿದ್ದು ಎರಡೇ ದಿನಗಳ ಬಿಡುವು. ಆದ್ದರಿಂದ ಊರಿನ ಹೆಸರುಗಳನ್ನು ನೋಡುವ ಮೊದಲು ಮೂರು ಷರತ್ತುಗಳನ್ನು ಬರೆದಿಟ್ಟುಕೊಂಡೆ. ರೈಲು ಬದಲಿಸದೆ ಎರಡು ಗಂಟೆಯೊಳಗೆ ತಲುಪಬೇಕು. ನಿಲ್ದಾಣದಿಂದ ಹಳೆಯ ಪೇಟೆಗೆ ನಡೆದೇ ಹೋಗುವಂತಿರಬೇಕು. ನೋಡಲೇಬೇಕಾದ ಜಾಗಗಳು ಗುಡ್ಡದ ಮೇಲೆ ಇರಬಾರದು.

ಈ ಷರತ್ತುಗಳೇ ಅರ್ಧ ಕೆಲಸ ಮುಗಿಸಿದವು. ಕೋಟೆಯೂರು ಕಾರ್ಕಸೋನ್ ತೀರಾ ದೂರ. ಲಿಯೋಂಗೆ ಎರಡು ಗಂಟೆಯಲ್ಲಿ ಹೋಗಬಹುದಾದರೂ ಅದು ಎರಡು ನದಿಗಳ ನಡುವೆ ಹರಡಿಕೊಂಡಿರುವ ದೊಡ್ಡ ನಗರ. ಹಳೆಯ ಪೇಟೆಯ ಬೆನ್ನಿಗೇ ಫೂರ್ವಿಯೇರ್ ಗುಡ್ಡವಿದೆ. ಸ್ಟ್ರಾಸ್‌ಬರ್ಗ್ ನನಗೆ ಬಹಳ ಇಷ್ಟವಾದ ಊರು, ಸಮತಟ್ಟೂ ಹೌದು. ಆದರೆ ಅಲ್ಲಿ ನೋಡುವುದು ಎಷ್ಟಿದೆಯೆಂದರೆ ಎರಡು ದಿನಗಳಲ್ಲಿ ಅಮ್ಮನನ್ನು ಓಡಿಸಬೇಕಾಗುತ್ತಿತ್ತು. ಕೊನೆಗೆ ಉಳಿದದ್ದು ಬರ್ಗಂಡಿ ಪ್ರಾಂತ್ಯದ ಹಳೆಯ ರಾಜಧಾನಿ ದಿಜೋಂ.

ಪ್ಯಾರಿಸ್ಸಿನ ಗಾರ್ ದ ಲಿಯೋಂ ನಿಲ್ದಾಣದಿಂದ ಅತಿವೇಗದ ಟಿಜಿವಿ ರೈಲಿನಲ್ಲಿ ದಿಜೋಂಗೆ ಸುಮಾರು ಒಂದು ಗಂಟೆ ಮೂವತ್ತೈದು ನಿಮಿಷ. ನಕ್ಷೆಯಲ್ಲಿ ಅಳೆದು ನೋಡಿದಾಗ, ನಿಲ್ದಾಣದಿಂದ ಹಳೆಯ ಪೇಟೆಯ ಪೂರ್ವ ತುದಿಯ ಸೇಂಟ್ ಮಿಶೆಲ್ ಚರ್ಚಿನವರೆಗೆ ಒಂದೂವರೆ ಕಿಲೋಮೀಟರಿನೊಳಗೇ ಎಲ್ಲವೂ ಸಿಕ್ಕಿತು. ನಡುಬೀದಿಯಾದ ರೂ ದ ಲಾ ಲಿಬರ್ತೆಯಲ್ಲಿ ಕಾರುಗಳ ಓಡಾಟವಿಲ್ಲ. ಕಾಲು ಸೋತರೆ ಹತ್ತಿಕೊಳ್ಳಲು ಪೇಟೆಯೊಳಗೆ ಟಿಕೆಟ್ ಇಲ್ಲದ ಪುಟ್ಟ ಬಸ್ಸೊಂದು ಸುತ್ತುತ್ತಿರುತ್ತದೆ. ಮೊದಲು ಸೋಮವಾರ ಮತ್ತು ಮಂಗಳವಾರ ಹೋಗುವುದೆಂದುಕೊಂಡಿದ್ದೆ. ಅಲ್ಲಿನ ವಸ್ತುಸಂಗ್ರಹಾಲಯಕ್ಕೆ ಮಂಗಳವಾರ ರಜೆ, ಕಬ್ಬಿಣದ ಚಾವಣಿಯ ಮಾರುಕಟ್ಟೆ ಸೋಮವಾರ ತೆರೆಯುವುದಿಲ್ಲ ಎಂದು ತಿಳಿದ ಮೇಲೆ ಶುಕ್ರವಾರ ಮತ್ತು ಶನಿವಾರಕ್ಕೆ ಬದಲಿಸಿದೆ. ಚಿಕ್ಕ ಪ್ರವಾಸಕ್ಕೆ ಹೊರಡುವವರು ಊರಿಗಿಂತ ಮೊದಲು ವಾರವನ್ನು ನೋಡಬೇಕೆಂದು ನಾನು ಈಗ ಎಲ್ಲರಿಗೂ ಹೇಳುತ್ತೇನೆ.

ನಕ್ಷೆ ಹೇಳದ ಸಂಗತಿಯೊಂದಿತ್ತು. ನೋತ್ರ್ ದಾಮ್ ಚರ್ಚಿನ ಸುತ್ತಲಿನ ಓಣಿಗಳ ನೆಲಕ್ಕೆ ಕಲ್ಲು ಹಾಸಿದ್ದಾರೆ. ಚಕ್ರದ ಸೂಟ್‌ಕೇಸ್ ಪ್ರತಿ ಸಂದಿಗೂ ಸಿಕ್ಕಿಕೊಂಡು ಕೊನೆಗೆ ಅದನ್ನು ಎತ್ತಿಕೊಂಡೇ ನಡೆಯಬೇಕಾಯಿತು; ಅಮ್ಮನ ತೆಳು ಅಟ್ಟೆಯ ಚಪ್ಪಲಿಗೆ ಆ ಕಲ್ಲುಗಳ ಅಂಚು ಒತ್ತುತ್ತಿತ್ತು. ದೂರ ಕಡಿಮೆಯಿದ್ದ ಮಾತ್ರಕ್ಕೆ ನಡಿಗೆ ಸುಲಭವಾಗುವುದಿಲ್ಲ. ಮರುದಿನ ಅವಳಿಗೆ ಕ್ಯಾನ್ವಾಸ್ ಷೂ ಹಾಕಿಸಿದೆ, ಕೈಚೀಲ ಬೆನ್ನಿಗೆ ಹೋಯಿತು.

ದಿಜೋಂನಲ್ಲಿ ದಾರಿ ಕೇಳುವ ಅಗತ್ಯ ಬರಲಿಲ್ಲ. ನೆಲದಲ್ಲಿ ಗೂಬೆಯ ಚಿತ್ರವಿರುವ ಹಿತ್ತಾಳೆಯ ಪುಟ್ಟ ತ್ರಿಕೋನಗಳನ್ನು ಕೂರಿಸಿದ್ದಾರೆ. ಅವುಗಳ ಜಾಡು ಹಿಡಿದು ಹೋದರೆ 22 ಸ್ಥಳಗಳನ್ನು ನೋಡಿಕೊಂಡು ಬರಬಹುದು. ಈ ಜಾಡಿಗೆ ಹೆಸರು ಕೊಟ್ಟ ಗೂಬೆ, ನೋತ್ರ್ ದಾಮ್ ಚರ್ಚಿನ ಪಕ್ಕದ ಗೋಡೆಯ ಮೂಲೆಯಲ್ಲಿ ಕೈಗೆಟುಕುವ ಎತ್ತರದಲ್ಲಿದೆ. ಶತಮಾನಗಳಿಂದ ಜನ ಸವರಿ ಸವರಿ ಅದರ ಕಣ್ಣು, ಕೊಕ್ಕು ಅಳಿಸಿಹೋಗಿ ಬರಿಯ ನುಣುಪು ಗುಂಡಾಗಿ ಉಳಿದಿದೆ. ಎಡಗೈಯಿಂದ ಮುಟ್ಟಿ ಬೇಡಿಕೊಳ್ಳುವುದು ಅಲ್ಲಿನ ವಾಡಿಕೆ. ಎಡಗೈ ಹೃದಯದ ಕಡೆಯದಂತೆ. "ಗೂಬೆನ ಮುಟ್ಟಿ ಬೇಡ್ಕೊಳೋದಾ? ಅದೂ ಎಡಗೈಲಿ?" ಎಂದು ಅಮ್ಮ ಹಿಂಜರಿದಳು. ನಮ್ಮ ಹಿಂದೆ ನಿಂತಿದ್ದ ಮುದುಕಿಯೊಬ್ಬರು ತಮ್ಮ ಮೊಮ್ಮಗುವನ್ನು ಎತ್ತಿ ಹಿಡಿದು ಅದರ ಎಡಗೈಯನ್ನು ಕಲ್ಲಿಗೆ ತಾಗಿಸಿದರು. ಅದನ್ನು ಕಂಡ ಮೇಲೆ ಅಮ್ಮನೂ ಮುಟ್ಟಿದಳು. ಏನು ಬೇಡಿಕೊಂಡಳೆಂದು ನಾನು ಕೇಳಲಿಲ್ಲ.

ಅದೇ ಚರ್ಚಿನ ಮೇಲಿರುವ ಗಂಟೆ ಬಾರಿಸುವ ಗೊಂಬೆಯನ್ನು 1382ರಲ್ಲಿ ಬರ್ಗಂಡಿಯನ್ನು ಆಳುತ್ತಿದ್ದ ಡ್ಯೂಕ್ ಫಿಲಿಪ್ ಲ ಹಾರ್ದಿ ಫ್ಲಾಂಡರ್ಸಿನ ಕೋರ್ಟ್ರೈಕ್ ಪಟ್ಟಣದಿಂದ ತಂದದ್ದು. ಅದು ಒಂಟಿಯಾಗಿರಬಾರದೆಂದು ಊರಿನವರು ಮುಂದಿನ ಶತಮಾನಗಳಲ್ಲಿ ಒಬ್ಬ ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ಸೇರಿಸಿದರು.

ಆ ಡ್ಯೂಕನ ಸಮಾಧಿ ಅಲ್ಲಿಂದ ಐದು ನಿಮಿಷದ ದಾರಿಯ ಅರಮನೆಯಲ್ಲಿದೆ. ಅರಮನೆಯ ಒಂದು ಭಾಗ ಈಗ ಕಲಾ ಸಂಗ್ರಹಾಲಯ, ಶಾಶ್ವತ ಸಂಗ್ರಹಕ್ಕೆ ಪ್ರವೇಶ ಉಚಿತ. ನನ್ನ ಮಟ್ಟಿಗೆ ದಿಜೋಂಗೆ ಹೋಗಲು ಆ ಒಂದು ಕೋಣೆಯೇ ಸಾಕು. ಮೇಲೆ ಡ್ಯೂಕ್ ಕೈ ಜೋಡಿಸಿ ಮಲಗಿದ್ದಾನೆ, ಕಾಲ ಬಳಿ ಸಿಂಹ, ತಲೆಯ ಬಳಿ ರೆಕ್ಕೆ ಬಿಚ್ಚಿದ ದೇವದೂತರು. ಆದರೆ ಕಣ್ಣು ನಿಲ್ಲುವುದು ಕೆಳಗೆ, ಕಮಾನುಗಳ ಸಾಲಿನ ನಡುವೆ ಶವಯಾತ್ರೆಯಲ್ಲಿ ನಡೆಯುತ್ತಿರುವ, ಮೊಳದುದ್ದವೂ ಇಲ್ಲದ ಅಲಬಾಸ್ಟರ್ ಕಲ್ಲಿನ, ಶೋಕಿಸುವವರ ಪ್ರತಿಮೆಗಳ ಮೇಲೆ. ಶಿಲ್ಪಿ ಝಾಂ ದ ಮಾರ್ವಿಲ್ ಆರಂಭಿಸಿ ಕ್ಲೌಸ್ ಸ್ಲೂಟರ್ ಮುಂದುವರಿಸಿದ ಈ ಸಮಾಧಿಯ ಕೆಲಸವನ್ನು ಸ್ಲೂಟರನ ಒಡಹುಟ್ಟಿದವರೊಬ್ಬರ ಮಗನಾದ ಕ್ಲೌಸ್ ದ ವೆರ್ವ್ 1410ರಲ್ಲಿ ಮುಗಿಸಿದ. ಒಬ್ಬನ ಮುಖವೇ ಕಾಣುವುದಿಲ್ಲ, ಮುಸುಕಿನ ಮಡಿಕೆಗಳಷ್ಟೇ. ಇನ್ನೊಬ್ಬ ಮೂಗು ಒರೆಸಿಕೊಳ್ಳುತ್ತಿದ್ದಾನೆ. ಮಂಡಿ ನೋವನ್ನು ಮರೆತು ಅಮ್ಮ ಬಗ್ಗಿ ಬಗ್ಗಿ ಸುತ್ತು ಬಂದಳು. "ಇವನು ನಿಜವಾಗಿ ಅಳ್ತಿದಾನೆ, ಇವನು ಬರೀ ಬಂದಿದಾನೆ," ಎಂದು ಒಬ್ಬೊಬ್ಬರನ್ನೂ ಗುರುತಿಸಿದಳು.

ಶನಿವಾರ ಬೆಳಿಗ್ಗೆ ಮಾರುಕಟ್ಟೆಗೆ ಹೋದೆವು. ದಿಜೋಂನ ಹೆಸರು ಹೊತ್ತ ಸಾಸಿವೆ ಗೊಜ್ಜಿಗೆ ಹೆಚ್ಚಾಗಿ ಬಳಸುವುದು ನಾವು ಒಗ್ಗರಣೆಗೆ ಹಾಕುವ ಜಾತಿಯ ಸಾಸಿವೆಯನ್ನೇ. ಅಮ್ಮ ರುಚಿ ನೋಡಿ, ಇದಕ್ಕೆ ತೆಂಗಿನಕಾಯಿ ಬೇಕಿತ್ತು ಎಂದಳು. ಮದ್ಯ ಮುಟ್ಟದವರು ಬಾಟಲಿಯ ಚೀಟಿಯನ್ನು ಓದಿಯೇ ಕೊಳ್ಳಬೇಕು, ಏಕೆಂದರೆ ಹಲವದರಲ್ಲಿ ಬಿಳಿ ವೈನ್ ಇರುತ್ತದೆ. ನಾವು ವಿನೆಗರಿನದನ್ನು ಹುಡುಕಿ ತಂದೆವು.

ರೈಲಿಗೆ ಇನ್ನೂ ಎರಡು ಗಂಟೆಯಿತ್ತು. 316 ಮೆಟ್ಟಿಲುಗಳ ಅರಮನೆಯ ಗೋಪುರವನ್ನು ನಾನು ಮೊದಲೇ ಕೈಬಿಟ್ಟಿದ್ದೆ. ಇನ್ನೇನು ನೋಡೋಣ ಎಂದು ಕೇಳಿದಾಗ ಅಮ್ಮ, ಆ ಅಳುವವರನ್ನು ಇನ್ನೊಂದು ಸಲ ನೋಡಿ ಬರೋಣ ಎಂದಳು. ಮಾರುಕಟ್ಟೆಯಿಂದ ಅರಮನೆಗೆ ನಡೆದು ಹೋಗಿ, ನೋಡಿ, ಅಲ್ಲಿಂದ ನಿಲ್ದಾಣಕ್ಕೂ ನಡೆದೇ ಹೋದೆವು. ರೈಲು ಬರುವಷ್ಟರಲ್ಲಿ ಚಹಾ ಕುಡಿಯಲೂ ಸಮಯ ಉಳಿದಿತ್ತು.